ಸಿರಿವಂತ ಕೈದಿಗೆ ಸೆರೆಮನೆ ಎಷ್ಟು ಮೆತ್ತಗೆ?

ಪ್ರಶ್ನೆ: ಸಾವಿರಾರು ಜನರ ಹಣ ನುಂಗಿದ ಅಮೆರಿಕದ ಸಿರಿವಂತ ವಂಚಕರನ್ನು ಬೇಲಿಯೇ ಇಲ್ಲದ ಜೈಲುಗಳಲ್ಲಿ ಇಡುತ್ತಾರೆ, ಅವರು ಅಲ್ಲಿ ಟೆನಿಸ್ ಆಡಿಕೊಂಡು ಕಾಲ ಕಳೆಯುತ್ತಾರೆ ಎಂದು ಕೇಳಿದ್ದೇನೆ. ಇದು ನಿಜವೇ? ನಿಜವಾದರೆ ಅದನ್ನು ಶಿಕ್ಷೆ ಎನ್ನಬಹುದೇ?

ಉತ್ತರ: ಬೇಲಿಯ ಮಾತು ಬಹುಮಟ್ಟಿಗೆ ನಿಜ, ಟೆನಿಸಿನ ಮಾತು ಹಳತಾಗಿದೆ. ಕನಿಷ್ಠ ಭದ್ರತೆಯ ಜೈಲನ್ನು ಅಲ್ಲಿ ಕ್ಯಾಂಪ್ ಎನ್ನುತ್ತಾರೆ. ಫ್ಲಾರಿಡಾದ ಎಗ್ಲಿನ್ ವಾಯುನೆಲೆಯಲ್ಲಿದ್ದ ಕ್ಯಾಂಪಿನಂಥ ಜೈಲುಗಳಿಗೆ ಹಿಂದೆ 'ಕ್ಲಬ್ ಫೆಡ್' (ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಕ್ಲಬ್) ಎಂಬ ಅಡ್ಡಹೆಸರು ಅಂಟಿತ್ತು. ಆ ಕ್ಯಾಂಪು 2006ರಲ್ಲಿ ಮುಚ್ಚಿತು, ಹೆಸರು ಮಾತ್ರ ಉಳಿದುಕೊಂಡಿತು.

ಕೇಂದ್ರ ಸರ್ಕಾರದ ಜೈಲು ಇಲಾಖೆಯು ಪ್ರತಿ ಕೈದಿಗೂ ಅಂಕ ಹಾಕುತ್ತದೆ. ಅಪರಾಧ ಎಷ್ಟು ಗಂಭೀರ, ಹಿಂದೆ ಯಾರ ಮೇಲಾದರೂ ಕೈ ಮಾಡಿದ್ದುಂಟೇ, ತಪ್ಪಿಸಿಕೊಳ್ಳಲು ಯತ್ನಿಸಿದ್ದುಂಟೇ, ವಯಸ್ಸೆಷ್ಟು, ವಿದ್ಯಾಭ್ಯಾಸವೆಷ್ಟು ಎಂಬುದನ್ನೆಲ್ಲ ನೋಡಿ, ಕಡಿಮೆ ಅಂಕ ಬಂದವರನ್ನು ಕ್ಯಾಂಪಿಗೆ ಕಳಿಸುತ್ತದೆ. ಆಸ್ತಿಯ ಲೆಕ್ಕ ಈ ಪಟ್ಟಿಯಲ್ಲಿಲ್ಲ. ಆದರೆ ಮಧ್ಯವಯಸ್ಸು, ಕಾಲೇಜು ಪದವಿ, ಮೊದಲ ಅಪರಾಧ ಇವೆಲ್ಲ ಲೆಕ್ಕಪತ್ರ ತಿದ್ದಿದ ಅಧಿಕಾರಿಗೆ ಸಹಜವಾಗಿ ಕೂಡಿಬರುವ ಗುಣಗಳಾದ್ದರಿಂದ, ಕಾನೂನು ಯಾರ ಪಕ್ಷವನ್ನೂ ವಹಿಸದೆಯೇ ಅಂಥವರು ಬೇಲಿಯಿಲ್ಲದ ಕಡೆಗೆ ಹೋಗಿ ಸೇರುತ್ತಾರೆ. ಅದೇ ಕ್ಯಾಂಪಿನಲ್ಲಿ ಸಣ್ಣ ಪ್ರಮಾಣದ ಮಾದಕವಸ್ತು ಪ್ರಕರಣದ ಬಡ ಕೈದಿಗಳೂ ಇರುತ್ತಾರೆ ಎಂಬುದನ್ನು ಮರೆಯಬಾರದು.

ಇನ್ನೂ ಹತ್ತು ವರ್ಷಕ್ಕಿಂತ ಹೆಚ್ಚು ಶಿಕ್ಷೆ ಬಾಕಿಯಿದ್ದರೆ ಕ್ಯಾಂಪು ಸಾಮಾನ್ಯವಾಗಿ ಸಿಗುವುದಿಲ್ಲ. ಹೂಡಿಕೆದಾರರಿಗೆ ಭಾರಿ ಮೋಸ ಮಾಡಿ 2009ರಲ್ಲಿ 150 ವರ್ಷದ ಶಿಕ್ಷೆ ಪಡೆದ ಬರ್ನಾರ್ಡ್ ಮೇಡಾಫ್ ಯಾರಿಗೂ ಒಂದೇಟು ಹೊಡೆದವರಲ್ಲ. ಆದರೂ ಅವರನ್ನು ಉತ್ತರ ಕೆರೊಲಿನಾದ ಬಟ್ನರ್‌ನಲ್ಲಿ, ಬೇಲಿಯೂ ಕಾವಲೂ ಇರುವ ಮಧ್ಯಮ ಭದ್ರತೆಯ ಜೈಲಿಗೆ ಹಾಕಿದರು. ಮೂತ್ರಪಿಂಡದ ಕಾಯಿಲೆಯಿಂದ ಸಾಯುವ ಸ್ಥಿತಿಯಲ್ಲಿದ್ದೇನೆ, ಬಿಡುಗಡೆ ಮಾಡಿ ಎಂದು 2020ರಲ್ಲಿ ಅವರು ಕೇಳಿದಾಗ, ಶಿಕ್ಷೆ ಕೊಟ್ಟಿದ್ದ ನ್ಯಾಯಾಧೀಶ ಡೆನ್ನಿ ಚಿನ್ ಅವರೇ ಒಪ್ಪಲಿಲ್ಲ. ಮರುವರ್ಷ ಏಪ್ರಿಲ್‌ನಲ್ಲಿ ಮೇಡಾಫ್ ಬಟ್ನರ್‌ನ ಜೈಲು ಆಸ್ಪತ್ರೆಯಲ್ಲೇ ತೀರಿಕೊಂಡರು.

ಕ್ಯಾಂಪಿನೊಳಗಿನ ದಿನಚರಿ ಹೇಗಿರುತ್ತದೆ ಎಂದರೆ, ದಿನಕ್ಕೆ ಹಲವು ಬಾರಿ ತಲೆ ಎಣಿಸುತ್ತಾರೆ. ಸಂಜೆ ನಾಲ್ಕರ ಎಣಿಕೆಗೆ ಎಲ್ಲರೂ ತಮ್ಮ ತಮ್ಮ ಮಂಚದ ಪಕ್ಕದಲ್ಲಿ ಮಾತಿಲ್ಲದೆ ನಿಂತಿರಬೇಕು. ನಿನ್ನೆಯವರೆಗೆ ನೂರಾರು ನೌಕರರನ್ನು ತನ್ನ ಕೊಠಡಿಯ ಹೊರಗೆ ಕಾಯಿಸುತ್ತಿದ್ದವನು, ಒಂದರ ಮೇಲೊಂದು ಕಟ್ಟಿದ ಕಬ್ಬಿಣದ ಮಂಚದ ಪಕ್ಕ ನಿಂತು ತನ್ನನ್ನು ಎಣಿಸುವವನಿಗಾಗಿ ಕಾಯುತ್ತಾನೆ. ಪೆಟ್ಟಿಲ್ಲ, ಹಸಿವಿಲ್ಲ. ಆದರೆ ಬಾಗಿಲು ಹಾಕಿಕೊಳ್ಳಲು ಸ್ವಂತದ್ದೊಂದು ಕೋಣೆಯೂ ಇಲ್ಲ. ಇದನ್ನು ಶಿಕ್ಷೆಯಲ್ಲ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಪ್ರಶ್ನೆ: ಹಾಗಾದರೆ ಹಣದಿಂದ ಏನೂ ವ್ಯತ್ಯಾಸವಾಗುವುದಿಲ್ಲ ಎನ್ನುತ್ತೀರಾ?

ಉತ್ತರ: ಖಂಡಿತ ಆಗುತ್ತದೆ, ಆದರೆ ಹೆಚ್ಚಿನ ವ್ಯತ್ಯಾಸವೆಲ್ಲ ಜೈಲಿನ ಬಾಗಿಲಿನ ಈಚೆಗೇ ಆಗಿಹೋಗಿರುತ್ತದೆ. ಎಫ್‌ಟಿಎಕ್ಸ್ ಎಂಬ ಕ್ರಿಪ್ಟೋ ಹಣದ ವಿನಿಮಯ ಕಂಪನಿ ಕಟ್ಟಿ, ವಂಚನೆಯ ಆರೋಪಕ್ಕೆ ಗುರಿಯಾದ ಸ್ಯಾಮ್ ಬ್ಯಾಂಕ್‌ಮನ್-ಫ್ರೀಡ್ 25 ಕೋಟಿ ಡಾಲರ್ ಮೊತ್ತದ ಜಾಮೀನಿನ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ತಂದೆತಾಯಿಯ ಮನೆಯಲ್ಲಿದ್ದರು. ಸಾಕ್ಷಿಗಳ ಮೇಲೆ ಪ್ರಭಾವ ಬೀರಲು ಯತ್ನಿಸಿದರೆಂದು 2023ರ ಆಗಸ್ಟ್‌ನಲ್ಲಿ ಆ ಜಾಮೀನು ರದ್ದಾಗುವವರೆಗೂ ಅವರಿಗೆ ಮನೆಯೂಟವೇ ಸಿಗುತ್ತಿತ್ತು. ಕೆಲವು ನೂರು ಡಾಲರ್ ಹೊಂದಿಸಲಾಗದ ಬಡವನಾದರೋ ಆರೋಪ ಸಾಬೀತಾಗುವ ಮೊದಲೇ ತಿಂಗಳುಗಟ್ಟಲೆ ಒಳಗಿರುತ್ತಾನೆ.

ಅಪರಾಧ ಸಾಬೀತಾದ ಮೇಲೂ ಹಣಕ್ಕೆ ಒಂದು ದಾರಿಯಿದೆ. ಜೈಲು ಸೇರುವ ಮೊದಲು ಪಾಠ ಹೇಳಿಕೊಡುವ ಸಲಹೆಗಾರರು ಅಲ್ಲಿ ಫೀಸಿಗೆ ಸಿಗುತ್ತಾರೆ. ಯಾವ ಜೈಲನ್ನು ಕೇಳಬೇಕು, ಶಿಕ್ಷೆ ವಿಧಿಸುವ ಮೊದಲು ನ್ಯಾಯಾಲಯಕ್ಕಾಗಿ ಸಿದ್ಧವಾಗುವ ತನಿಖಾ ವರದಿಯಲ್ಲಿ ಏನು ದಾಖಲಾಗಬೇಕು ಎಂಬುದೆಲ್ಲ ಅವರಿಗೆ ಬಾಯಿಪಾಠ. ವ್ಯಸನಮುಕ್ತಿ ಶಿಬಿರವನ್ನು ಪೂರೈಸಿದ ಅರ್ಹ ಕೈದಿಗೆ ಒಂದು ವರ್ಷದವರೆಗೆ ಶಿಕ್ಷೆ ಕಡಿತವಾಗುವುದರಿಂದ, ಅದುವರೆಗೆ ಯಾರೂ ಕಾಣದಿದ್ದ ಕುಡಿತದ ಚಟ ಕೆಲವರಿಗೆ ತೀರ್ಪಿನ ಹೊತ್ತಿಗೆ ನೆನಪಾಗುತ್ತದೆ ಎಂಬ ದೂರು ಬಹಳ ಕಾಲದಿಂದ ಇದೆ.

ಒಳಗೆ ಮಾತ್ರ ಹಣದ ಕೈ ಮೋಟು. ಜೈಲಿನ ಅಂಗಡಿಯಲ್ಲಿ ತಿಂಗಳಿಗೆ ಇಷ್ಟೇ ಖರ್ಚು ಮಾಡಬಹುದೆಂಬ ಮಿತಿ ಸಾಮಾನ್ಯವಾಗಿ ಎಲ್ಲರಿಗೂ ಒಂದೇ. ಸಿರಿವಂತ ಆ ಮಿತಿಯನ್ನು ಪ್ರತಿ ತಿಂಗಳೂ ಮುಟ್ಟುತ್ತಾನೆ. ಮನೆಯಿಂದ ಏನೂ ಬಾರದವನು ಜೈಲಿನ ಕೆಲಸಕ್ಕೆ ಗಂಟೆಗೆ 12ರಿಂದ 40 ಸೆಂಟ್ ಪಡೆಯುತ್ತಾನೆ. ಈ ಅಂತರದಿಂದಲೇ ಅಲ್ಲೊಂದು ಸಂತೆ ಹುಟ್ಟುತ್ತದೆ. 2004ರ ಸುಮಾರಿಗೆ ಸಿಗರೇಟು ನಿಷೇಧವಾದ ಮೇಲೆ ಅಂಗಡಿಯ ಬಂಗುಡೆ ಮೀನಿನ ಪೊಟ್ಟಣವೇ ಹಲವು ಜೈಲುಗಳಲ್ಲಿ ನಾಣ್ಯವಾಯಿತು. ಪೊಟ್ಟಣ ಕೊಟ್ಟವನ ಬಟ್ಟೆಯನ್ನು ಇನ್ನೊಬ್ಬ ಒಗೆದು ಮಡಿಸಿಡುತ್ತಾನೆ. ಹೊರಗೆ ಆಳುಗಳನ್ನು ಇಟ್ಟುಕೊಂಡಿದ್ದವರು ಒಳಗೂ ಆಳು ಹುಡುಕಿಕೊಳ್ಳುವುದನ್ನು ಕಂಡರೆ ನಗಬೇಕೋ ಬೇಸರಪಡಬೇಕೋ ತಿಳಿಯದು.

ಪ್ರಶ್ನೆ: ಮೋಸಹೋದವರ ಹಣವನ್ನು ಇಂಥ ಕೈದಿಗಳಿಂದ ಜೈಲಿನಲ್ಲೇ ವಸೂಲು ಮಾಡುತ್ತಾರೆಯೇ?

ಉತ್ತರ: ಮಾಡುತ್ತಾರೆ, ಕಂತಿನಲ್ಲಿ. ರಕ್ತಪರೀಕ್ಷೆಯ ಯಂತ್ರದ ಹೆಸರಿನಲ್ಲಿ ಹೂಡಿಕೆದಾರರನ್ನು ವಂಚಿಸಿದ ಎಲಿಜಬೆತ್ ಹೋಮ್ಸ್ 2023ರ ಮೇ 30ರಂದು ಟೆಕ್ಸಾಸ್‌ನ ಬ್ರಯನ್ ಕ್ಯಾಂಪ್ ಸೇರಿದರು. ಅವರೂ ಅವರ ಸಹಚರ ಬಲ್ವಾನಿಯೂ ಸೇರಿ ಸುಮಾರು 45.2 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ನ್ಯಾಯಾಲಯ ಆದೇಶಿಸಿದೆ. ಜೈಲಿನ ವಸೂಲಿ ಯೋಜನೆಯಲ್ಲಿ ಕೈದಿಯಿಂದ ಸಾಮಾನ್ಯವಾಗಿ ಹಿಡಿಯುವ ಕನಿಷ್ಠ ಕಂತು ಮೂರು ತಿಂಗಳಿಗೆ 25 ಡಾಲರ್. ಬೇರೆ ಆಸ್ತಿಯೇನೂ ಸಿಗದೆ ಬರೀ ಹೋಮ್ಸ್ ಒಬ್ಬರ ಈ ಕನಿಷ್ಠ ಕಂತನ್ನೇ ನಂಬಿ ಕುಳಿತರೆ ಸಾಲ ತೀರಲು ಸುಮಾರು 45 ಲಕ್ಷ ವರ್ಷ ಬೇಕು.