ಕೂತಾಗ ನೋಡಿದ ಬಿಪಿ ಸಾಲದು, ನಿಂತಾಗಲೂ ನೋಡಿ

ಅಮ್ಮನಿಗೆ ಬೆಳಗ್ಗೆ ಹಾಸಿಗೆಯಿಂದ ಎದ್ದ ಕೂಡಲೇ ಕಣ್ಣು ಕತ್ತಲೆ ಬರುತ್ತೆ, ಆದರೆ ಮಿಷನ್‌ನಲ್ಲಿ ಬಿಪಿ 130/80 ಸರಿಯಾಗೇ ಇದೆ, ಬಿಪಿ ಮಾತ್ರೆ ನಿಲ್ಲಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ನೀವು ನೋಡಿರೋದು ಕೂತಾಗಿನ ಬಿಪಿ. ತೊಂದರೆ ಆಗ್ತಿರೋದು ನಿಂತಾಗ.

ಎದ್ದು ನಿಂತ ತಕ್ಷಣ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು, ಹೊಟ್ಟೆಯ ಕಡೆ ಇಳಿಯುತ್ತೆ. ಕತ್ತಿನ ರಕ್ತನಾಳದಲ್ಲಿರುವ ನರಗಳು ಇದನ್ನು ಗಮನಿಸಿ, ಹೃದಯ ಜೋರಾಗಿ ಬಡಿಯುವಂತೆ, ಕಾಲಿನ ರಕ್ತನಾಳಗಳು ಬಿಗಿಯುವಂತೆ ಮಾಡುತ್ತವೆ. ವಯಸ್ಸಾದವರಲ್ಲಿ, ಬಹಳ ವರ್ಷ ಸಕ್ಕರೆ ಕಾಯಿಲೆ ಇದ್ದವರಲ್ಲಿ ಈ ಕೆಲಸ ನಿಧಾನ, ಅದಕ್ಕೇ ನಿಂತಾಗ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತೆ. ಮೂತ್ರ ಹೆಚ್ಚಿಸುವ ಮಾತ್ರೆ, ಭೇದಿ, ನೀರು ಕಡಿಮೆ ಕುಡಿಯೋದು ಸೇರಿದರೆ ಇನ್ನೂ ಕಷ್ಟ.

ಹೀಗೆ ಅಳೆಯಿರಿ: ಐದು ನಿಮಿಷ ಮಲಗಿಸಿ ಒಮ್ಮೆ ನೋಡಿ. ತೋಳಿನ ಪಟ್ಟಿ ಬಿಚ್ಚದೆ ಎಬ್ಬಿಸಿ ನಿಲ್ಲಿಸಿ, 1ನೇ ನಿಮಿಷಕ್ಕೆ, 3ನೇ ನಿಮಿಷಕ್ಕೆ ಮತ್ತೆ ನೋಡಿ. ತೋಳು ಎದೆಯ ಮಟ್ಟದಲ್ಲಿರಲಿ, ಪಕ್ಕದಲ್ಲಿ ಒಬ್ಬರು ಹಿಡಿದುಕೊಂಡಿರಲಿ, ತಲೆ ಸುತ್ತಿದರೆ ಕೂಡಲೇ ಕೂರಿಸಿ. ಮಲಗಿದ್ದಾಗ ಬಂದದ್ದಕ್ಕಿಂತ ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ಅದನ್ನು ಕಡೆಗಣಿಸುವಂತಿಲ್ಲ. ಎರಡು ಮೂರು ದಿನ ಬೆಳಗ್ಗೆ ಹೀಗೆ ಬರೆದಿಟ್ಟು, ಎಲ್ಲಾ ಮಾತ್ರೆಗಳ ಸಮೇತ ಡಾಕ್ಟರಿಗೆ ತೋರಿಸಿ. ಮಾತ್ರೆ ಅಥವಾ ಹೊತ್ತು ಬದಲಿಸೋದು ಅವರ ನಿರ್ಧಾರ.

ಅಲ್ಲಿಯವರೆಗೆ ಏಳುವ ಮುಂಚೆ ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು ಪಾದ ಆಡಿಸಲಿ. ರಾತ್ರಿ ಬಚ್ಚಲಿಗೆ ಹೋಗುವಾಗ ದೀಪ ಹಾಕಿರಲಿ; ನನಗೆ ಬಿಪಿಗಿಂತ ಅವರು ಬಿದ್ದು ಸೊಂಟ ಮುರಿದುಕೊಂಡಾರು ಅನ್ನೋದೇ ಹೆಚ್ಚು ಭಯ. ಪ್ರಜ್ಞೆ ತಪ್ಪಿದರೆ, ಎದೆನೋವು ಬಂದರೆ ಅಥವಾ ಮಲ ಕಪ್ಪಗಿದ್ದರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.