ಸೊಸೆ ‘ಲವ್ ಯೂ’ ಅಂದರೆ ಏನನ್ನಲಿ?

ಪ್ರಶ್ನೆ: ಬೆಂಗಳೂರಿನಲ್ಲಿರುವ ಸೊಸೆ ಫೋನ್ ಇಡುವಾಗ ‘ಲವ್ ಯೂ ಅತ್ತೆ’ ಅನ್ನುತ್ತಾಳೆ. ನಾನು ‘ಹ್ಞೂಂ, ಆತು, ಇಡು’ ಅಂದುಬಿಡುತ್ತೇನೆ. ಆಮೇಲೆ ಬೇಜಾರಾಗುತ್ತದೆ. ‘ನಾನೂ ನಿನ್ನನ್ನು ಪ್ರೀತಿಸುತ್ತೇನೆ’ ಅಂದರೆ ಸಿನಿಮಾ ಡೈಲಾಗ್ ಆಗುತ್ತದೆ, ಅಲ್ವಾ? ಅಂದಹಾಗೆ ಪ್ರೀತಿ, ಮಮತೆ, ಅಕ್ಕರೆ ಎಲ್ಲ ಒಂದೇನಾ?
– ಓದುಗಿ, ವಿದ್ಯಾನಗರ, ದಾವಣಗೆರೆ

ಉತ್ತರ: ಡೈಲಾಗ್ ಅನ್ನಿಸುವುದು ಸರಿಯೇ. ‘ಪ್ರೀತಿಸುತ್ತೇನೆ’ ಅನ್ನುವ ಮಾತು ನಮ್ಮ ಅಡುಗೆಮನೆಗಳಿಗೆ ಬಂದೇ ಇಲ್ಲ. ‘ನಿನ್ನ ಕಂಡರೆ ನನಗೆ ಪ್ರೀತಿ’ ಅನ್ನುತ್ತೇವೆ. ನನಗೆ ಹಸಿವು, ನನಗೆ ನಿದ್ದೆ ಅಂದ ಹಾಗೆ. ಅದು ನಾವು ಮಾಡುವ ಕೆಲಸವಲ್ಲ, ತಾನಾಗಿ ಆಗುವಂಥದ್ದು.

ಎಲ್ಲ ಒಂದೇ ಅಲ್ಲ. ಮಮತೆಯೊಳಗೆ ‘ಮಮ’ ಇದೆ. ಸಂಸ್ಕೃತದಲ್ಲಿ ಅದಕ್ಕೆ ‘ನನ್ನ’ ಅಂತ ಅರ್ಥ. ಹಾಗಾಗಿ ಅದರಲ್ಲಿ ಸ್ವಲ್ಪ ಹಕ್ಕೂ ಸೇರಿಕೊಂಡಿರುತ್ತದೆ. ಸೊಸೆಯ ಹತ್ತಿರ ಹುಷಾರು! ವಾತ್ಸಲ್ಯದಲ್ಲಿರುವ ‘ವತ್ಸ’ ಅಂದರೆ ಕರು. ಹಸುವಿನಿಂದ ಕರುವಿನ ಕಡೆಗೆ, ದೊಡ್ಡವರಿಂದ ಚಿಕ್ಕವರ ಕಡೆಗೆ ಹರಿಯುವುದು ಅದು. ‘ಅಜ್ಜಿಯ ಮೇಲೆ ನನಗೆ ವಾತ್ಸಲ್ಯ’ ಅಂತ ಬರೆದ ಎಷ್ಟೋ ಪ್ರಬಂಧಗಳಿಗೆ ಟೀಚರ್ ಆಗಿದ್ದಾಗ ಕೆಂಪು ಗೆರೆ ಎಳೆದಿದ್ದೇನೆ. ಹಾಸಿಗೆ ಹಿಡಿದ ಅಜ್ಜಿಗೆ ತುತ್ತು ಕಲಸಿ ಉಣ್ಣಿಸುತ್ತಿದ್ದ ಹುಡುಗಿಯೂ ಅವರಲ್ಲಿ ಇದ್ದಳೇನೋ, ಪಾಪ.

ಅಕ್ಕರೆ ಕೈಯಲ್ಲಿ ಕಾಣುತ್ತದೆ, ಬಡಿಸುವಾಗ, ತಲೆ ಬಾಚುವಾಗ. ಕಕ್ಕುಲಾತಿ ಅಂದರೆ ಪ್ರೀತಿಯ ಜೊತೆಗೆ ದಿಗಿಲು. ಮಗ ಬರುವ ಬಸ್ಸು ತಡವಾದರೆ ಹತ್ತು ಸಲ ಬಾಗಿಲಿಗೆ ಹೋಗಿ ನಿಲ್ಲುತ್ತೀರಲ್ಲ, ಅದು.

ನನಗೆ ಜಾಸ್ತಿ ಇಷ್ಟವಾದದ್ದು ಒಲವು. ಅಪ್ಪಟ ಕನ್ನಡ. ದೇವರು ಒಲಿಯುವುದೂ ಇದೇ, ವಿದ್ಯೆ ಒಲಿಯುವುದೂ ಇದೇ. ನಮ್ಮ ಕಡೆ ಮಕ್ಕಳು ತಟ್ಟೆ ತಳ್ಳಿ ‘ನಾ ಒಲ್ಲೆ’ ಅಂತ ರಚ್ಚೆ ಹಿಡಿಯುತ್ತಾವಲ್ಲ, ಆ ‘ಒಲ್ಲೆ’ಯೂ ಇದೇ ಬೇರಿನದು.

ಇನ್ನು ನಿಮ್ಮ ಫೋನಿನ ವಿಷಯ. ನಮ್ಮತ್ತೆ ಚಳ್ಳಕೆರೆ ಕಡೆಯವರು. ಪ್ರೀತಿ ಅನ್ನುವ ಮಾತು ಅವರ ಬಾಯಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ. ದಾವಣಗೆರೆಗೆ ಬಂದರೆ ಸೆರಗಿನ ಗಂಟು ಬಿಚ್ಚಿ, ಸುಲಿದ ಶೇಂಗಾ ಬೀಜ ನನ್ನ ಅಂಗೈಗೆ ಸುರಿಯುತ್ತಿದ್ದರು. ‘ತಗಳವ್ವ, ಬಾಯಾಡ್ಸು.’ ಸೊಸೆಯಾದ ನಾನು ಅವರಿಗೆ ‘ಅವ್ವ’! ಹೆತ್ತವರನ್ನು ಕರೆಯುವ ಹೆಸರಿನಲ್ಲೇ ಮಕ್ಕಳನ್ನೂ ಕರೆಯುವುದು ನಮ್ಮ ಸೀಮೆಯ ರೂಢಿ ಅಲ್ವಾ? ಮಗ ‘ಅಪ್ಪ’, ಮಗಳು ‘ನಮ್ಮವ್ವ’. ಸಿಟ್ಟು ಬಂದಾಗ ಮಾತ್ರ ನನ್ನನ್ನು ಹೆಸರು ಹಿಡಿದು ಕೂಗುತ್ತಿದ್ದರು.

ನೀವೂ ‘ಹ್ಞೂಂ ನಮ್ಮವ್ವ, ಉಂಡು ಮಲಕ್ಕೊ’ ಅನ್ನಿ. ಅತ್ತೆ ನನ್ನನ್ನು ಯಾಕೆ ಅವ್ವ ಅಂದರು ಅಂತ ಅವಳು ಗಾಬರಿಯಾದರೆ ಒಂದು ಸಲ ಬಿಡಿಸಿ ಹೇಳಿ. ಇಲ್ಲ, ಸುಮ್ನೆ ‘ಲವ್ ಯೂ’ ಅಂತಲೇ ಅಂದುಬಿಡಿ. ನಾನೇನೂ ಕೆಂಪು ಗೆರೆ ಎಳೆಯುವುದಿಲ್ಲ.