ಕರಿಕೆ ಲಾನಿನಲ್ಲಿ ರಾಗಿಯಂಥ ಹುಲ್ಲು

ನಮಸ್ಕಾರ ಸರ್. ರಾಯಚೂರಿನ ನಿಮ್ಮ ಶಾಲೆಯ ಕರಿಕೆ ಲಾನಿಗೆ 2,4-ಡಿ ಎರಡು ಸಲ ಹೊಡೆದರೂ ರಾಗಿಯಂಥ ಹುಲ್ಲು ಯಾಕೆ ಸಾಯಲಿಲ್ಲ ಅಂತ ಕೇಳಿದ್ದೀರಿ. ಅದು ಅಗಲ ಎಲೆಯ ಕಳೆಗೆ ಹೊಡೆಯುವ ಔಷಧಿ, ಹುಲ್ಲಿನ ಜಾತಿ ಅದಕ್ಕೆ ಜಗ್ಗುವುದಿಲ್ಲ. ಪಕ್ಕದಲ್ಲಿ ಹತ್ತಿ ಹೊಲ ಇದೆ ಅಂದಿರಲ್ವಾ? ದಯವಿಟ್ಟು ಮತ್ತೆ ಹೊಡೆಯಬೇಡಿ. ಗಾಳಿಗೆ ಒಂದಿಷ್ಟು ಹಾರಿದರೂ ಹತ್ತಿ ಎಲೆ ಮುದುಡುತ್ತದೆ, ಪಾಪ, ಆ ರೈತರಿಗೆ ನಷ್ಟ. ಎಲ್ಲ ಹಸಿರನ್ನೂ ಕೊಲ್ಲುವ ಕಳೆನಾಶಕ ಗ್ಲೈಫೊಸೇಟ್ ಕೂಡ ಬೇಡ, ಕರಿಕೆಯೂ ಹೋಗುತ್ತದೆ.

ಈಗಿರುವ ಹುಲ್ಲನ್ನು ತೆನೆ ಬಲಿಯುವ ಮೊದಲೇ, ನೆಲ ಹಸಿ ಇದ್ದಾಗ ಬೇರುಸಮೇತ ಕೀಳಿಸಿ. ಮುಂದಿನ ವರ್ಷ ಮುಂಗಾರಿಗೆ ಮುಂಚೆ ಪೆಂಡಿಮೆಥಾಲಿನ್ ಹಾಕಿ, ಮೇಲೆ ಸ್ವಲ್ಪ ನೀರು ಕೊಡಿ. ಅದು ಮೊಳಕೆಯನ್ನಷ್ಟೇ ತಡೆಯುತ್ತದೆ, ಬೆಳೆದ ಹುಲ್ಲನ್ನು ಕೊಲ್ಲುವುದಿಲ್ಲ. ಹೊಸದಾಗಿ ಕರಿಕೆ ಹಚ್ಚಿದ ಜಾಗಕ್ಕೆ ಮಾತ್ರ ಬೇಡ. ಔಷಧಿ ಪೂರ್ತಿ ಒಣಗುವವರೆಗೆ ಮಕ್ಕಳನ್ನು ಅಲ್ಲಿಗೆ ಬಿಡಬೇಡಿ.